ಹೋಲಿಕೆಯ ಮನೆ

ಹತ್ತು ವಾರ, ದಿನಕ್ಕೆ ಆರು ಗಂಟೆ,
ಎರಡು ನೀಲಿ ಟೀ ಶರ್ಟು, ಕೊರಳಿಗೊಂದು ಗುರುತಿನ ಚೀಟಿ,
ಬಸ್ಸಿನ ಖರ್ಚು ನಮ್ಮದೇ.
ಟೂಸಾನಿನ ದಕ್ಷಿಣಕ್ಕೆ, ರೈಲು ಹಳಿಯಾಚೆ,
ಗಾಲಿ ಕಳಚಿಟ್ಟ ಮನೆಗಳ ಸಾಲು:
ತಗಡಿನ ಗೋಡೆ, ತಗಡಿನ ಮಾಡು,
ಎಂದೋ ಎಲ್ಲಿಗೋ ಹೊರಟು ಇಲ್ಲೇ ನಿಂತುಬಿಟ್ಟವು.

ನನ್ನ ಚೀಲದಲ್ಲಿ ಅಂಗಿಗುಂಡಿಯಷ್ಟು ಪುಟ್ಟ
ಉಷ್ಣಮಾಪಕಗಳು, ನಲವತ್ತೆರಡು.
ಮಂಚದ ತಲೆಗಡೆ ಒಂದೊಂದು ಅಂಟಿಸಬೇಕು.
ಹತ್ತು ನಿಮಿಷಕ್ಕೊಮ್ಮೆ ತಾನೇ ಬರೆದುಕೊಳ್ಳುತ್ತದೆ,
ನಿದ್ದೆ ಬಂತೇ ಅಂತ ಮಾತ್ರ ಕೇಳುವುದಿಲ್ಲ.
ಅದನ್ನು ಕೇಳುವವಳು ನಾನು. ಪ್ರಶ್ನೆ ಹದಿನೇಳು.

ಅರ್ಧ ಮನೆಗಳ ಮಾಡಿಗೆ ಜೂನಿನಲ್ಲೇ ಬಿಳಿ ಬಣ್ಣ,
ಬಿಸಿಲನ್ನು ಬಂದ ದಾರಿಗೇ ಅಟ್ಟುವ ಬಣ್ಣ.
ಉಳಿದರ್ಧಕ್ಕೆ ಬರೀ ಗುಂಡಿ,
ಬಣ್ಣ ಅಕ್ಟೋಬರಿಗೆ.
ಯಾರಿಗೆ ಯಾವುದೆಂದು ಕಂಪ್ಯೂಟರು ಚೀಟಿ ಎತ್ತಿತು.
ಡಾಕ್ಟರ್ ಹಾಲ್ವರ್ಸನ್ ಮೊದಲ ದಿನವೇ ಹೇಳಿದ್ದರು:
ಹೋಲಿಸಲು ಏನೂ ಇಲ್ಲದಿದ್ದರೆ
ಗೆದ್ದೆವೆಂದು ಹೇಳುವುದಾದರೂ ಹೇಗೆ?
ಆ ಮಾತಿಗೆ ಅಡಿಗೆರೆ ಎಳೆದಿದ್ದೆ.
ಸರಿಯಾದ ಮಾತು. ಈಗಲೂ ಸರಿಯೇ.

ಇಪ್ಪತ್ತೊಂಬತ್ತನೇ ಮನೆ ಆರ್ವಿಲ್ ಸ್ಟಾಡ್ಲರನದು.
(ಹೆಸರು ಬದಲಿಸಿದ್ದೇನೆ, ಸಹಿ ಹಾಕಿದ್ದೇನಲ್ಲ.)
ಮೂವತ್ತು ವರ್ಷ ತಾಮ್ರದ ಗಣಿ, ಈಗ ವಯಸ್ಸು ಎಪ್ಪತ್ತೇಳು.
ಬಾಗಿಲ ಹಿಡಿಗೆ ಹಳೆಯ ಕಾಲುಚೀಲ ತೊಡಿಸಿದ್ದಾನೆ,
ನಡುಹಗಲು ಬರಿಗೈಲಿ ಮುಟ್ಟಿದರೆ ಬೊಬ್ಬೆ.
ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿ,
‘ಬೇಯುತ್ತಿದ್ದೇನೆ ಅಂತ ನಾನೇ ಹೇಳುತ್ತಿದ್ದೇನಲ್ಲ,
ಅಂಗೈ ಹುಣ್ಣಿಗೆ ಇಷ್ಟು ಪುಟ್ಟ ಕನ್ನಡಿಯೆ?
ಇರಲಿ, ಒಳಗೆ ಬಾ, ಮೆಟ್ಟಿಲು ಸುಡುತ್ತೆ.’

ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದಿರಿ?
‘ಒದ್ದೆ ಚಾದರ ಹೊದ್ದು ಎರಡು ಗಂಟೆ,
ಅದು ಒಣಗುವ ತನಕ.’
ಆಮೇಲೆ?
‘ಆಮೇಲೆ ನಲ್ಲಿಯೂ ಬಿಸಿ.’
ನನ್ನ ಹಾಳೆಯಲ್ಲಿ ಇದ್ದದ್ದು ಒಂದೇ ಚೌಕ.
ಬರೆದೆ: 2.

ಎದುರು ಮನೆ ಕೂಕಾ ಬೋರ್ಕೆಸ್‌ಳದು,
ಅವಳ ಮಾಡು ಬೆಳ್ಳಗೆ, ಹೆಪ್ಪುಗಟ್ಟಿದ ಮೊಸರು.
ನನ್ನಜ್ಜಿಯ ಸ್ಪ್ಯಾನಿಷಿನಲ್ಲಿ ಪಿಸುಗುಟ್ಟಿದಳು:
‘ಇರುಳು ಮೂರಕ್ಕೆ ಹೊರಗೆ ಕುರ್ಚಿ ಹಾಕಿ ಕೂತಿರುತ್ತಾನೆ.
ನನ್ನ ತಂಪು ನನಗೇ ಕದ್ದ ಮಾಲಿನಂತೆ.
ಉಳಿದ ಬಣ್ಣ ಇದ್ದರೆ ಕೊಡು ಮಗಳೇ, ಏಣಿ ನನ್ನಲ್ಲಿದೆ.’

ಸ್ಟೋರಿನಲ್ಲಿ ಅರ್ಧ ಡಬ್ಬ ಇತ್ತು,
ಬೀಗದ ಕೈ ನನ್ನ ಜೇಬಿನಲ್ಲೇ.
ಇಲ್ಲ ಅಂದೆ.
ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ,
ನಡೆದದ್ದನ್ನು ನಡೆದ ಹಾಗೆ ಬರೆಯಬೇಕೆಂದು
ಅಲ್ಲೇ ಕಲಿತದ್ದು.

ಏಳನೇ ವಾರ ಗುಂಡಿಗಳ ಲೆಕ್ಕ ಇಳಿಸಿಕೊಂಡೆ.
ಇಪ್ಪತ್ತೊಂಬತ್ತರ ಗೆರೆ
ಗೂಳಿಯಂತೆ ಮೇಲೆ ಮೇಲೆ ಹೋಗುತ್ತಿದ್ದದ್ದು
ಜುಲೈ ಹದಿನಾಲ್ಕರಂದು ಮಂಡಿಯೂರಿತ್ತು.
ಓಡಿದೆ. ಮಾಡಿನ ಮೇಲೆ
ಅಡ್ಡಾದಿಡ್ಡಿ ಬಿಳುಪು, ನೆಲ ಒರೆಸುವ ಕೋಲಿನ ಗುರುತು.
ಅರವತ್ತಮೂರರ ಕೂಕಾ ಅಂಗಳದಲ್ಲಿ ನಿಂತು
ಮೊಣಕೈಯ ಬಣ್ಣ ಕೆರೆಯುತ್ತಿದ್ದಳು.
‘ನನ್ನ ದುಡ್ಡು, ನನ್ನ ಏಣಿ. ನಿನ್ನ ಕಂಪ್ಯೂಟರಿಗೆ ಹೇಳು.’

ಪ್ರಶ್ನೆ ಹದಿನೇಳು.
‘ಐದೂವರೆ’ ಅಂದ ಆರ್ವಿಲ್.
ಆಕಳಿಸಿ, ತಿದ್ದಿಕೊಂಡ: ‘ಆರು.’

ಹೇಳಿದೆ. ಕಂಪ್ಯೂಟರಿಗೂ, ಹಾಲ್ವರ್ಸನ್‌ಗೂ.
ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

ಆಗಸ್ಟಿನ ಸಭಾಂಗಣದಲ್ಲಿ ಎಸಿ ಎಷ್ಟು ಜೋರೆಂದರೆ
ನಮಗೆಲ್ಲ ಸ್ವೆಟರು ಬೇಕಿತ್ತು.
ನನ್ನ ಪೋಸ್ಟರಿನಲ್ಲಿ ನಲವತ್ತೊಂದು ಚುಕ್ಕಿ,
ಕೆಳಗೆ ಇರುವೆಯ ಅಕ್ಷರದಲ್ಲಿ ಒಂದು ಸಾಲು:
ನಿಯಮ ಮೀರಿದ್ದರಿಂದ ಕೈಬಿಟ್ಟ ಮನೆ, ಒಂದು.
ಬಿಳಿ ಗಡ್ಡದ ತೀರ್ಪುಗಾರರು ಬಗ್ಗಿ ಓದಿದರು.
‘ಏನಾಯಿತು ಆ ಮನೆಗೆ?’
ಹಲ್ಲು ಕಟಕಟ ಅನ್ನುತ್ತಿತ್ತು ನನಗೆ,
ಚಳಿಗೋ ಏನೋ.
‘ನೆರೆಮನೆ ಇತ್ತು, ಸರ್’ ಅಂದೆ.